ವಲದ್ ಮುಂದಿನ ತೂತು

ನಮ್ಮ ಮುತ್ತಜ್ಜ ಯಾರ ಮಗ ಅನ್ನೋದು ಆಳಂದ ಕಡೆಯ ನಮ್ಮ ಊರಲ್ಲಿ ಮೂರು ತಲೆಮಾರಿನ ಜಗಳ. ದೊಡ್ಡ ಮನೆಯವರು ‘ಸಾಕಿಕೊಂಡ ಹುಡುಗ’ ಅಂತಾರೆ. ನಮ್ಮವರು ‘ಹೊಟ್ಟೇಲಿ ಹುಟ್ಟಿದ ಮಗ’ ಅಂತಾರೆ.

ನಿನ್ನೆ ಕಲಬುರಗಿಯಲ್ಲಿ ಉರ್ದು ಬಲ್ಲ ಹಿರಿಯರೊಬ್ಬರಿಗೆ ನಿಜಾಮರ ಕಾಲದ ಹೊಲದ ಕಾಗದ ತೋರಿಸಿದೆ. ಫಸಲಿ, ಅಂದ್ರೆ ಆಗಿನ ಕಂದಾಯದ ಲೆಕ್ಕದ ವರ್ಷ, 1337 ಅಂತಿತ್ತು. 590 ಕೂಡಿಸಿ, ‘1927 ಆಯ್ತು’ ಅಂದರು. ಮುತ್ತಜ್ಜನ ಹೆಸರು, ಆಮೇಲೆ ‘ವಲದ್’, ಅಂದ್ರೆ ಇಂಥವರ ಮಗ. ಸರಿಯಾಗಿ ಅದರ ಮುಂದೆ ಗೆದ್ದಲು ತಿಂದ ತೂತು! ಇಷ್ಟು ದೊಡ್ಡ ಕಾಗದದಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ವಾ?

ಹೋದ ವರ್ಷ ನಾನೂ ದೊಡ್ಡ ಮನೆಯ ಅಣ್ಣನೂ ಎಂಜಲು ಕೊಟ್ಟು ಡಿಎನ್‌ಎ ಟೆಸ್ಟ್ ಮಾಡಿಸಿದ್ದೆವು. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೆಚ್ಚುಕಮ್ಮಿ ಹಾಗೇ ಇಳಿಯುತ್ತದೆ. ನಮ್ಮಿಬ್ಬರದು ಕೂಡಲಿಲ್ಲ. ಅಣ್ಣ ಮೀಸೆ ತಿರುವಿದ. ‘ಎಳೆ ತಪ್ಪಿದ್ದು ನಮ್ಮ ಕಡೆಯೋ ನಿಮ್ಮ ಕಡೆಯೋ, ಅದನ್ನ ಇದು ಹೇಳಲ್ವಲ್ಲ’ ಅಂದೆ. ಕೈ ಮೀಸೆಯಿಂದ ಮೆಲ್ಲಗೆ ಕೆಳಗಿಳಿಯಿತು.

ರಾತ್ರಿ ಆಯಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ‘ಅಂವ ಸತ್ತ ದಿನ ಎರಡೂ ಮನ್ಯಾಗ ಒಲಿ ಹಚ್ಚಿಲ್ಲ, ಗೊತ್ತದ ಏನು?’ ಅಂದಳು.