ನೆಲ್ಲಿತೀರ್ಥ, ಕದ್ರಿ, ಕಂಕನಾಡಿ: ಮಳೆಗಾಲದಲ್ಲಿ ಹೋಗಿ ದುಡ್ಡು ಕಳೆದುಕೊಳ್ಳಬೇಡಿ

ಮೊದಲು ಇದನ್ನೇ ಹೇಳಿಬಿಡುತ್ತೇನೆ. ಮಂಗಳೂರು ಹತ್ತಿರದ ನೆಲ್ಲಿತೀರ್ಥ ಗುಹಾ ದೇವಸ್ಥಾನದಲ್ಲಿ ಗುಹೆಯೊಳಗೆ ಬಿಡುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ಇದು ಗೊತ್ತಿಲ್ಲದೆ ಜುಲೈಯಲ್ಲಿ ನಾನು, ಅಮ್ಮ ದಾವಣಗೆರೆಯಿಂದ ಬಂದು ಮಂಗಳೂರಿನಲ್ಲಿ ಕಾರು ಗೊತ್ತುಮಾಡಿದೆವು. ಗುಹೆ ತೆರೆದಿರುತ್ತದಾ ಅಂತ ಎರಡು ಸಲ ಕೇಳಿದ್ದೆ. "ಉಂಟು ಉಂಟು, ಕೂತ್ಕೊಳ್ಳಿ ಸರ್" ಅಂದಿದ್ದ ಕಾರಿನವನು. ಹೋಗಿ ನೋಡಿದರೆ ಮುಚ್ಚಿದೆ. "ಹೊರಗಿಂದ ಕೈ ಮುಗಿದ್ರೂ ಪುಣ್ಯವೇ ಅಲ್ವಾ" ಅಂತ ಹೇಳಿ 2,800 ರೂಪಾಯಿ ಪೂರ್ತಿ ವಸೂಲಿ ಮಾಡಿದ. ಅವನಿಗೆ ಮುಂಚೆಯೇ ಗೊತ್ತಿತ್ತು, ಅದೇ ಸಿಟ್ಟು.

ಜನವರಿಯಲ್ಲಿ ಒಬ್ಬನೇ ಮತ್ತೆ ಹೋದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರ ಮೂಡುಬಿದಿರೆ ಬಸ್ಸು ಹತ್ತಿ ಎಡಪದವಿನಲ್ಲಿ ಇಳಿದರೆ ಆಟೋ ಸಿಗುತ್ತದೆ. ಆಟೋದವರ ಹತ್ತಿರ ವಾಪಸ್ ಬರುವುದಕ್ಕೂ ಸೇರಿಸಿ ಮಾತಾಡಿಕೊಳ್ಳಿ. ನಾನು ಮಾತಾಡಲಿಲ್ಲ, ಒಂದೂವರೆ ತಾಸು ಒದ್ದೆ ಪಂಚೆಯಲ್ಲೇ ರಸ್ತೆಬದಿ ನಿಂತೆ.

ಸ್ನಾನ ಮಾಡಿಯೇ ಗುಹೆಗೆ ಇಳಿಯಬೇಕು. ಉದ್ದ ಸುಮಾರು 200 ಮೀಟರ್ ಅಷ್ಟೆ. ಆದರೆ ಬಹಳ ದೂರ ಮಂಡಿಯೂರಿಕೊಂಡೇ ಸಾಗಬೇಕು. ಮೊಣಕಾಲ ಕೆಳಗೆ ತಣ್ಣನೆ ಕೆಸರು, ಬೆನ್ನಿಗೆ ಬಂಡೆ, ಕಣ್ಣೆದುರು ಮುಂದಿನವರ ಅಂಗಾಲು. ತಲೆ ಮೇಲೆ ಎಲ್ಲಿಂದಲೋ ತೊಟ್ಟಿಕ್ಕುವ ನೀರು. ಆಮೇಲೆ ಒಮ್ಮೆಲೇ ಎದ್ದು ನಿಲ್ಲುವಷ್ಟು ಜಾಗ, ದೀಪದ ಬೆಳಕಲ್ಲಿ ಲಿಂಗ. ಜಾಬಾಲಿ ಮಹರ್ಷಿ ಕೂತು ತಪಸ್ಸು ಮಾಡಿದ್ದು ಇಲ್ಲೇ ಅಂತ ಪ್ರತೀತಿ. ತಪಸ್ಸು ಅಂದರೆ ನನಗೆ ಕ್ಯಾಲೆಂಡರಿನ ಋಷಿ, ಪಕ್ಕದಲ್ಲಿ ಜಿಂಕೆ, ಇಷ್ಟೇ ನೆನಪಾಗುತ್ತಿತ್ತು. ಅಲ್ಲಿ ಐದು ನಿಮಿಷ ಸುಮ್ಮನೆ ಕೂತಾಗ ಎದೆ ಬಡಿತ ಕೇಳಿಸಿ ಹೆದರಿಕೆಯಾಯಿತು. ಮಂಡಿನೋವಿನವರು, ಉಸಿರು ಕಟ್ಟುವವರು ದಯವಿಟ್ಟು ಬೇಡ. ಅಮ್ಮನನ್ನು ಜುಲೈಯಲ್ಲಿ ಒಳಗೆ ಬಿಡದಿದ್ದದ್ದೇ ಒಳ್ಳೆಯದಾಯಿತು.

ಉಡುಪಿಯ ಎರಡು ದಿನದ ಬಗ್ಗೆ ಬರೆಯುವುದಿಲ್ಲ. ರಶ್ಶು ನನಗೆ ಆಗುವುದಿಲ್ಲ.

ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಬೆಳಿಗ್ಗೆ ಆರೂವರೆಗೇ ಹೋಗಿ. ಮಂಜುನಾಥನ ದರ್ಶನ ಮುಗಿಸಿದವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಕೆರೆಗಳನ್ನು ದಾಟಿ ಮೆಟ್ಟಿಲು ಹತ್ತಿದರೆ ನಾಥಪಂಥದ ಸನ್ಯಾಸಿಗಳ ಜೋಗಿ ಮಠ, ಪಾಂಡವರ ಗುಹೆ ಅಂತ ಕರೆಯುವ ಗುಹೆಗಳು. ಊರ ಮಧ್ಯದಲ್ಲೇ ಇದ್ದರೂ ಆ ಹೊತ್ತಿಗೆ ಹಕ್ಕಿ ಬಿಟ್ಟರೆ ಸದ್ದಿಲ್ಲ. ಕೆಳಗೆ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಯ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಮರೆಯದೆ ನೋಡಿ. ಈ ಕರಾವಳಿಯನ್ನು ಆಳಿದ ಅಳುಪ ವಂಶದ ದೊರೆ ಕುಂದವರ್ಮ 968ರಲ್ಲಿ ಸ್ಥಾಪಿಸಿದ್ದು. ಅದರ ಪೀಠದ ಶಾಸನ ಈ ಜಾಗವನ್ನು 'ಕದರಿಕಾ ವಿಹಾರ' ಅನ್ನುತ್ತದೆ. ವಿಹಾರ ಅಂದರೆ ಭಿಕ್ಷುಗಳಿರುವ ಜಾಗ, ಹಾಗಾಗಿ ಇಲ್ಲಿ ಮೊದಲು ಬೌದ್ಧರಿದ್ದರು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಆಮೇಲೆ ನಾಥ ಜೋಗಿಗಳು. ಈಗಲೂ 12 ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕೇಶ್ವರದಿಂದ ಜೋಗಿಗಳ ಝುಂಡಿ, ಅಂದರೆ ಗುಂಪು, ತಿಂಗಳುಗಟ್ಟಲೆ ನಡೆದು ಬಂದು ಇಲ್ಲಿನ ಮಠಕ್ಕೆ ಹೊಸ ಅರಸನನ್ನು (ಮಠದ ಮುಖ್ಯಸ್ಥನನ್ನು ಹಾಗೇ ಕರೆಯುವುದು) ಕೂರಿಸುತ್ತದೆ. ಹಿಂದಿನದು 2016ರ ಶಿವರಾತ್ರಿಗೆ ಆಗಿತ್ತು. ಎಷ್ಟೇ ರಶ್ಶಿದ್ದರೂ ಮುಂದಿನದಕ್ಕೆ ನಾನು ಬರುವವನೇ.

ಅಲ್ಲಿಂದ ಕಂಕನಾಡಿಯ ಕಾರ್ಮೆಲ್ ಮಠ, ಕ್ರೈಸ್ತ ಸನ್ಯಾಸಿನಿಯರದ್ದು. ಇಲ್ಲಿನ ಸಿಸ್ಟರುಗಳು ಹೊರಗೆ ಬರುವುದಿಲ್ಲ, ಪ್ರಾರ್ಥನೆ, ಕೆಲಸ ಎಲ್ಲ ಗೋಡೆಯೊಳಗೇ. ಫ್ರಾನ್ಸಿನ ಪೌ ಊರಿಂದ 1870ರಲ್ಲಿ ಬಂದವರು ಕಟ್ಟಿದ ಮಠ ಇದು. ಕೆಲವರು ದಾರಿಯಲ್ಲೇ ತೀರಿಕೊಂಡರು. ಹಾಗೆ ಬಂದವರಲ್ಲೊಬ್ಬರಾದ ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ 1871ರಲ್ಲಿ ಸನ್ಯಾಸ ವ್ರತ ತೊಟ್ಟಿದ್ದು ಮಂಗಳೂರಿನಲ್ಲೇ, 2015ರಲ್ಲಿ ಅವರಿಗೆ ಸಂತ ಪದವಿ ಬಂತು. ಚಾಪೆಲ್‌ನಲ್ಲಿ ಸುಮ್ಮನೆ ಕೂತು ಬನ್ನಿ. ಫೋಟೋ ಬೇಡ, ಅವರನ್ನು ನೋಡಬೇಕು ಅಂತ ಕೇಳಲೂ ಬೇಡಿ.

ಊಟಕ್ಕೆ ಕದ್ರಿ ಹತ್ತಿರದ ಮಲ್ಲಿಕಟ್ಟೆಯ ಒಳದಾರಿಯಲ್ಲಿ ಬೋರ್ಡೂ ಇಲ್ಲದ ಗಂಜಿ ಹೋಟೆಲೊಂದಿದೆ, ನಾಲ್ಕೇ ಬೆಂಚು. ಬಿಸಿ ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ, ಹುರುಳಿಕಾಳಿನ ಪಲ್ಯ, ಉಪ್ಪಲ್ಲಿ ಹಾಕಿದ ಮಾವಿನಕಾಯಿ, ಹಪ್ಪಳ, ಎಲ್ಲ ಸೇರಿ 50 ರೂಪಾಯಿ. ಗಂಜಿಗೆ ಮೇಲಿಂದ ಒಂದು ಚಮಚ ತುಪ್ಪ ಕೇಳದೆಯೇ ಹಾಕಿದರು. ಜುಲೈಯಲ್ಲಿ ಕಾರಿನವನ ಮೇಲಿನ ಸಿಟ್ಟಲ್ಲಿ ಬೆಳಿಗ್ಗೆಯಿಂದ ಏನೂ ಮುಟ್ಟದಿದ್ದ ಅಮ್ಮ ಅಲ್ಲಿ ಎರಡು ಬಟ್ಟಲು ಉಂಡಳು. "ಇನ್ನೂ ಉಂಟು ಅಮ್ಮ, ಹಾಕುದಾ?" ಅಂತ ಹೋಟೆಲಿನಾಕೆ ಮತ್ತೆ ಮತ್ತೆ ಕೇಳುತ್ತಿದ್ದರು. ಎರಡು ಗಂಟೆಗೆಲ್ಲ ಗಂಜಿ ಖಾಲಿ, ಅಷ್ಟರೊಳಗೆ ಕದ್ರಿ ಗುಡ್ಡ ಇಳಿದು ಬನ್ನಿ.