ತಂತಿ ಯಂತ್ರ, ಮೂರನೇ ವಾರ: ಸೂಜಿ ಹೊರಳಿತು, ಆಮೇಲೆ ನಿಂತಿತು

ಟೆಲಿಗ್ರಾಫ್ ಅಂದರೆ ಟಕಟಕ ಸದ್ದು ಅಂತಲೇ ನಾನೂ ಅಂದುಕೊಂಡಿದ್ದೆ. ಆದರೆ 1850ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಓಶಾನೆಸಿ ನಮ್ಮ ದೇಶದಲ್ಲಿ ಹಾಕಿಸಿದ ಮೊದಲ ಲೈನುಗಳಲ್ಲಿ ಸದ್ದಿಲ್ಲ. ಸುರುಳಿಯೊಳಗೆ ಸೂಜಿ ಎಡಕ್ಕೋ ಬಲಕ್ಕೋ ಹೊರಳುತ್ತದೆ, ಸುದ್ದಿ ಕಳಿಸುವ, ಪಡೆಯುವ ಕೆಲಸದ ಸಿಗ್ನಲರ್ ಅದನ್ನು ನೋಡಿ ಓದಬೇಕು. ಹಾಗಾಗಿ ಟಕಟಕ ಸದ್ದು ಮಾಡುವ ಸೌಂಡರ್ ಬಿಟ್ಟು, ಮನೆಯಲ್ಲಿ ಈ ಸೂಜಿ ಯಂತ್ರ ಮಾಡೋಕೇ ಕೈಹಾಕಿದ್ದೇನೆ.

ಭಾನುವಾರ: ಮೋಟಾರ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿ, 200 ಸುತ್ತು. ಮ್ಯಾಗ್ನೆಟ್ಟಿಗೆ ಉಜ್ಜಿದ ಹೊಲಿಗೆ ಸೂಜಿ ರೇಷ್ಮೆ ಎಳೆಯಲ್ಲಿ ನೇತಾಡುತ್ತಿದೆ. ಕರೆಂಟ್ ಕೊಡದಿದ್ದರೂ ಓರೆಯಾಗಿ ನಿಲ್ಲುತ್ತಿತ್ತು. ಅರ್ಧ ದಿನ ತಲೆ ಕೆರೆದುಕೊಂಡೆ. ಪಕ್ಕದಲ್ಲಿ ಕಬ್ಬಿಣದ ಬೀರು! ಮೇಜು ಸರಿಸಿ, ಸುರುಳಿಯನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸಿದ ಮೇಲೆ ಸರಿಹೋಯಿತು.

ಬುಧವಾರ: ಟೆರೇಸಿನವರೆಗೆ ಲೈನ್ ಎಳೆದೆ. ಮೇಲೆ ತಂಗಿ, ಕೆಳಗೆ ನಾನು. ಬರೆದುಕೊಳ್ಳೋಣ ಅಂತ ತಲೆ ತಗ್ಗಿಸಿದರೆ ಮುಂದಿನ ಅಕ್ಷರ ಹೋಯಿತು. ನೋಡೋಕೆ ಒಬ್ಬರು, ಬರೆಯೋಕೆ ಒಬ್ಬರು ಬೇಕು.

ಶನಿವಾರ: ಸೂಜಿ ಅಲ್ಲಾಡಲೇ ಇಲ್ಲ.

ಆಗ ದೆಹಲಿಯ ಕಥೆ ನೆನಪಾಯಿತು. 1857ರ ಮೇ 10, ಭಾನುವಾರ. ಸಂಜೆ ಹೊತ್ತಿಗೆ ಮೀರತ್ ಲೈನ್ ಸತ್ತಿತ್ತು. ಬ್ರೆಂಡಿಶ್, ಪಿಲ್ಕಿಂಗ್ಟನ್ ಎಂಬ ಇಬ್ಬರು ಸಿಗ್ನಲರುಗಳು ಯಮುನೆ ದಾಟಿ ಹೋಗಿ ಪರೀಕ್ಷಿಸಿದರು. ಅಲ್ಲಿಂದ ದೆಹಲಿ ಸಿಗುತ್ತದೆ, ಮೀರತ್ ಸಿಗುವುದಿಲ್ಲ. ಅಂದರೆ ನದಿಯ ಕೇಬಲ್ ಚೆನ್ನಾಗಿದೆ, ಕಡಿದಿರುವುದು ಆಚೆ. ಮರುದಿನ ಬೆಳಿಗ್ಗೆ ನೋಡಿಬರಲು ಹೋದ ಅವರ ಮೇಲಧಿಕಾರಿ ಟಾಡ್ ವಾಪಸ್ ಬರಲಿಲ್ಲ. ಬ್ರಿಟಿಷರ ವಿರುದ್ಧ ದಂಗೆ ಎದ್ದ ಮೀರತ್ತಿನ ಸಿಪಾಯಿಗಳು ಆಗಲೇ ದೆಹಲಿಗೆ ಬಂದಿದ್ದರು. ಇವರಿಬ್ಬರೂ ಅಂಬಾಲಕ್ಕೆ ಸುದ್ದಿ ಕೊಟ್ಟು ಕಚೇರಿ ಬಿಟ್ಟರು. ಅದು ಲಾಹೋರ್ ಮುಟ್ಟಿತು, 13ರಂದು ಅಲ್ಲಿನ ಮಿಯಾನ್ ಮೀರ್ ದಂಡಿನಲ್ಲಿ ಸಿಪಾಯಿಗಳೂ ದಂಗೆ ಏಳದಂತೆ ಬ್ರಿಟಿಷರು ಅವರ ಬಂದೂಕು ಕಿತ್ತುಕೊಂಡರು. ಬ್ರಿಟಿಷರು ಇದಕ್ಕೆ ದೆಹಲಿಯಲ್ಲಿ ಸ್ಮಾರಕವನ್ನೇ ನಿಲ್ಲಿಸಿದರು. ಸಿಪಾಯಿಗಳ ಕಡೆಯಿಂದ ನೋಡಿದರೆ ಒಂದು ತಂತಿ ಕಡಿಯದೆ ಉಳಿದದ್ದೇ ಮುಳುವಾಯಿತು, ಅಲ್ವಾ? ನನಗಂತೂ ಆ ಸುದ್ದಿಗಿಂತ ಹಿಂದಿನ ಸಂಜೆ ನದಿಯಾಚೆ ಮಾಡಿದ ಪರೀಕ್ಷೆಯೇ ಜಾಸ್ತಿ ಹಿಡಿಸಿತು.

ನಾನೂ ಅದನ್ನೇ ಮಾಡಿದೆ. ಮೆಟ್ಟಿಲ ನಡುವೆ ತಂತಿ ಸುಲಿದು ಸೂಜಿ ಪೆಟ್ಟಿಗೆ ಜೋಡಿಸಿದೆ. ತಂಗಿ ಸ್ವಿಚ್ ಒತ್ತಿದಳು, ಸೂಜಿ ಬಲಕ್ಕೆ ಹೊರಳಿತು. ಮೇಲಿನ ಅರ್ಧ ಸರಿ. ಕೆಳಗೆ ಹುಡುಕುತ್ತಾ ಬಂದರೆ ನಡುಮನೆಯ ಬಾಗಿಲ ಸಂದಿಯಲ್ಲಿ ತಂತಿ ಜಜ್ಜಿಹೋಗಿತ್ತು.

"ಅಣ್ಣಾ, ಇನ್ನೂ ಒತ್ತುತ್ತಲೇ ಇರಬೇಕಾ?" ಅಂತ ಮೇಲಿಂದ ಕೂಗಿದಳು. ಬೆಸುಗೆ ಹಾಕಿದ್ದೇನೆ. ನಾಳೆ ಲೈನನ್ನು ಕಿಟಕಿಯಿಂದ ಎಳೆಯಬೇಕು.