ನಟ್ ತಿರುಗಿತು, ಜೊತೆಗೆ ಪೈಪೂ ತಿರುಗಿತು

ಹಿಂದಿನ ಎಡಚಕ್ರದ ಒಳಮೈಯಲ್ಲಿ ಬ್ರೇಕ್ ಆಯಿಲ್ ಒಸರುತ್ತಿದೆ ಎಂಬ ದೂರಿನೊಂದಿಗೆ ಬಂದ ಆ ಪಿಕಪ್‌ನ ಜಾಬ್ ಕಾರ್ಡಿನಲ್ಲಿ, ಎರಡೂ ಬದಿಯ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಭಾಗ) ಬದಲಾವಣೆಗೆ ಒಂದೂವರೆ ಗಂಟೆ ಎಂದು ಬರೆದಿತ್ತು. ತುಕ್ಕು ಹಿಡಿಯದ ಹೊಸ ಗಾಡಿಗೆ ಅಷ್ಟು ಸಮಯ ಸಾಕು. ಕಾರ್ಡ್ ಬರೆಯುವವರು ಗಾಡಿಯ ಕೆಳಗೆ ಬಗ್ಗಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಡ್ರಮ್‌ನ ಎರಡು ತೂತುಗಳಿಗೆ ಬೋಲ್ಟ್ ಹಾಕಿ ಸರಿಸಮನಾಗಿ ಬಿಗಿಸಿದಾಗ ಡ್ರಮ್ ಹೊರಬಂದಿತು. ಸಿಲಿಂಡರಿನ ರಬ್ಬರ್ ಬೂಟನ್ನು ಉಗುರಿನಿಂದ ಎತ್ತಿದೊಡನೆ ಕಪ್ಪು ಆಯಿಲ್ ಬೆರಳಿಗಿಳಿಯಿತು. ಶೂ ಮೇಲಿನ ಉಜ್ಜುವ ಪದರವಾದ ಲೈನಿಂಗ್ ಕೂಡ ಆಯಿಲ್ ಕುಡಿದಿತ್ತು. ಅದನ್ನು ಪೆಟ್ರೋಲಿನಲ್ಲಿ ತೊಳೆದು ಮರಳು ಕಾಗದ ಉಜ್ಜಿ ಮತ್ತೆ ಹಾಕಿದರಾಯಿತು ಎಂದು ಸೂಪರ್‌ವೈಸರ್ ಹೇಳಿದರು. ಆಯಿಲ್ ಹೀರಿದ ಶೂ ಬಿಸಿಯಾದಾಗ ಮತ್ತೆ ಆಯಿಲ್ ಬಿಡುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ ಎಂದು ವಾದಿಸಿ, ಎರಡೂ ಬದಿಗೆ ಹೊಸ ಶೂ ಹಾಕಲು ಗಾಡಿಯವರ ಒಪ್ಪಿಗೆ ತರಿಸಿದೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಬಹುಶಃ ಅದೊಂದೇ.

ಬ್ಯಾಕ್ ಪ್ಲೇಟಿನ ಹಿಂದೆ ಸಿಲಿಂಡರಿಗೆ ಪೈಪ್ ಸೇರುವ 10ರ ನಟ್ ತುಕ್ಕಿನಿಂದ ಪೈಪಿಗೇ ಅಂಟಿಕೊಂಡಿತ್ತು. ಆ ನಟ್ಟಿಗೆ ಆರು ಮುಖಗಳಲ್ಲಿ ಐದನ್ನು ಹಿಡಿಯುವ ಫ್ಲೇರ್ ಸ್ಪ್ಯಾನರ್ ಬೇಕು. ಅದಕ್ಕೆ ಇಂಡೆಂಟ್ (ಬೇಡಿಕೆ ಚೀಟಿ) ಕೊಟ್ಟು ಮೂರು ತಿಂಗಳಾಗಿತ್ತು. ಸಾಮಾನ್ಯ ಬಾಯಿ ಸ್ಪ್ಯಾನರ್ ಹಾಕಿದಾಗ ನಟ್ಟಿನ ಮೂಲೆಗಳು ಸವೆದು ದುಂಡಗಾದವು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಅರ್ಧ ಗಂಟೆ ಸುಮ್ಮನಿರಬೇಕಾದ ಹೊತ್ತಿನಲ್ಲಿ, ಕಾರ್ಡಿನ ಸಮಯ ನೆನಪಾಗಿ ಗ್ರಿಪ್ ಪ್ಲೈಯರ್ ಕಚ್ಚಿಸಿ ಎಳೆದೆ. ನಟ್ ತಿರುಗಿತು. ಪೈಪೂ ಅದರೊಂದಿಗೆ ಕಾಲು ಸುತ್ತು ತಿರುಗಿದ್ದನ್ನು ನಾನು ನೋಡಿದೆ. ನೋಡಿಯೂ, ಸ್ಟೀಲ್ ಪೈಪ್ ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೊಸ ಸಿಲಿಂಡರ್ ಕೂರಿಸಿದೆ.

ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಹೆಲ್ಪರ್ ಹುಡುಗ ಪೆಡಲ್ ಮೇಲಿದ್ದ. ಆಕ್ಸಲ್ ತೂಗಾಡುತ್ತಿದ್ದರೆ, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ಲೋಡ್ ವಾಲ್ವ್ ಹಿಂದಿನ ಚಕ್ರಕ್ಕೆ ಹೋಗುವ ಆಯಿಲನ್ನು ತಡೆಯುತ್ತದೆಂದು ಸ್ಟ್ಯಾಂಡ್‌ಗಳನ್ನು ಆಕ್ಸಲ್ ಕೆಳಗೇ ಇಟ್ಟಿದ್ದೆ. ಎರಡು ಬಾರಿ ಏರ್ ಹೊರಬಿಡುವ ನಿಪ್ಪಲ್‌ನಿಂದ ಗುಳ್ಳೆ ಬಂದವು, ಮೂರನೆಯ ಬಾರಿ ಶುದ್ಧ ಆಯಿಲ್ ಬಂದಿತು. ನಾಲ್ಕನೆಯ ಬಾರಿ ಹುಡುಗ ಕೇಳಿದ:

"ಅಣ್ಣ, ಪೆಡಲ್ ಕೆಳಗೆ ಹೋಯ್ತು. ನಿಪ್ಪಲ್ ಬಿಚ್ಚಿದ್ರಾ?"

ನಾನು ಸ್ಪ್ಯಾನರನ್ನೇ ಮುಟ್ಟಿರಲಿಲ್ಲ.

ಆ ಕ್ಷಣದಲ್ಲಿ ನನ್ನ ಮನಸ್ಸು ಪೈಪಿನ ಕಡೆಗೆ ಹೋಗಲೇ ಇಲ್ಲ, ಅಥವಾ ಹೋಗದಂತೆ ನಾನೇ ತಡೆದೆ. ಪೆಡಲ್ ತುಳಿದಾಗ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಹೋಗಿರಬೇಕು ಎಂದೆ. ಹಳೆಯ ಗಾಡಿಯಲ್ಲಿ ಪೆಡಲನ್ನು ಪೂರ್ತಿ ತುಳಿದಾಗ ಕಪ್ ತುಕ್ಕಿನ ಜಾಗಕ್ಕೆ ಉಜ್ಜಿ ಹರಿದುಹೋಗುವುದುಂಟು, ಹಾಗಾಗಿ ಆ ಊಹೆ ನಂಬುವಂತೆಯೂ ಇತ್ತು. ಬಳಿಕ ನಟ್ ಸಡಿಲವಿರಬಹುದೆಂದು, ಪ್ಲೈಯರಿನಿಂದ ಅದನ್ನೇ ಇನ್ನಷ್ಟು ಬಿಗಿಸಿದೆ, ಅಂದರೆ ಪೈಪನ್ನು ಇನ್ನಷ್ಟು ತಿರುಚಿದೆ. ಹದಿನೈದು ನಿಮಿಷ ಹೀಗೆ ಕಳೆದ ಮೇಲೆ ಬಟ್ಟೆಯಿಂದ ಪೈಪ್ ಒರೆಸಿ, ಲೈಟ್ ಹತ್ತಿರ ಹಿಡಿದು, ನಿಧಾನಕ್ಕೆ ತುಳಿಯಲು ಹೇಳಿದೆ. ನಟ್ಟಿನಿಂದ ಎರಡು ಬೆರಳು ದೂರದಲ್ಲಿ, ತಿರುಚಿದ ಜಾಗದ ಸಣ್ಣ ಗೆರೆಯಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ಬಿದ್ದಿತು. ಹುಡುಗ ಜೋರಾಗಿ ತುಳಿದಾಗ ಅದೇ ಗೆರೆ ಪಿಚಕಾರಿಯಾಗಿ ನನ್ನ ಕನ್ನಡಕಕ್ಕೆ ಹೊಡೆಯಿತು. ಇನ್ನೊಂದಿಷ್ಟು ಗಟ್ಟಿ ಪೈಪ್ ಆಗಿದ್ದರೆ ಶೆಡ್ಡಿನಲ್ಲಿ ತಡೆದುಕೊಂಡು, ಲೋಡ್ ಹೊತ್ತು ಇಳಿಜಾರಿನಲ್ಲಿ ಒಡೆಯುತ್ತಿತ್ತು.

ಆಕ್ಸಲ್ ಮೇಲೆ ಪೈಪ್ ಎರಡಾಗಿ ಕವಲೊಡೆಯುವ ಟೀಯಿಂದ ಚಕ್ರದವರೆಗೆ ಹೊಸ ಪೈಪ್ ಬಗ್ಗಿಸಿ, ತುದಿಗಳನ್ನು ಅಗಲಿಸಿ ಒಳಕ್ಕೆ ಮಡಿಸಿ (ಡಬಲ್ ಫ್ಲೇರ್) ಹಾಕಿದೆ. ಬಲಬದಿಯ ನಟ್ ಕೂಡ ಅಷ್ಟೇ ಹಟಮಾರಿಯಾಗಿತ್ತು. ಅಲ್ಲಿ ವೈರ್ ಬ್ರಷ್ ಉಜ್ಜಿ, ಎಣ್ಣೆ ಹೊಡೆದು, ಊಟ ಮುಗಿಸಿ ಬಂದು, ಸಿಲಿಂಡರಿನ ಬೋಲ್ಟ್‌ಗಳನ್ನು ಬಿಚ್ಚುವ ಮೊದಲೇ, ಪಕ್ಕದವರಿಂದ ಎರವಲು ತಂದ ಫ್ಲೇರ್ ಸ್ಪ್ಯಾನರಿನಿಂದ ನಟ್ಟನ್ನು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಆಡಿಸಿದೆ. ಪೈಪಿಗೆ ಚಾಕ್‌ಪೀಸಿನಿಂದ ಗೆರೆ ಎಳೆದಿದ್ದೆ. ನಟ್ ತಿರುಗಿದರೂ ಗೆರೆ ಕದಲಲಿಲ್ಲ.

ಒಟ್ಟು ಐದು ಗಂಟೆ ಹಿಡಿಯಿತು. ತಡಕ್ಕೆ ಕಾರಣ ಬರೆಯುವ ಕಾಲಂನಲ್ಲಿ ಸೂಪರ್‌ವೈಸರ್ "ಪೈಪ್ ಹಳೆಯದು" ಎಂದು ಬರೆದು ಕಾರ್ಡ್ ಮುಚ್ಚಿದರು. ಪೈಪ್ ಹಳೆಯದಾಗಿದ್ದದ್ದು ನಿಜವೇ ಆದ್ದರಿಂದ ನಾನು ಸಹಿ ಹಾಕಿದೆ.